ಹೊಗೆಗೆ ಬೆಲೆ ಕಟ್ಟಿದ ಎರಡು ಶನಿವಾರ

ಪರದೆಯ ಮೇಲಿನ ಮೂರು ಗೆರೆಗಳೂ ಕೊನೆಗೆ ಹೋಗಿ ಒಂದೇ ಕಡೆ ಸೇರುತ್ತಿದ್ದವು. ನಮ್ಮ ತೊಂದರೆ ಶುರುವಾದದ್ದೇ ಅಲ್ಲಿಂದ.

ದೇಶದ ಇಂಗಾಲದ ಹೊಗೆಯನ್ನು ಇಳಿಸಲು ಯಾವ ನೀತಿ ಒಳ್ಳೆಯದು ಎಂದು ಪರಿಶೀಲಿಸುವ ಸಮಿತಿಯೊಂದು ದೆಹಲಿಯಲ್ಲಿ ಕೂತಿತ್ತು. ಅದರ ವರದಿಯಲ್ಲಿ ಸಣ್ಣ ಉದ್ಯಮಗಳ ಅಧ್ಯಾಯ ಬರೆಯುವ ಕೆಲಸ ಮುಂಬೈಯ ವಿಕ್ರೋಳಿಯಲ್ಲಿರುವ ನಮ್ಮ ಪುಟ್ಟ ಸಂಶೋಧನಾ ಕಚೇರಿಗೆ ಬಂದಿತ್ತು. ಪರದೆಯ ಮೊದಲ ಗೆರೆ ತೆರಿಗೆಯದು. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಏನು ಸುಟ್ಟರೂ ಹೊಗೆಗೆ ತಕ್ಕಷ್ಟು ತೆರಿಗೆ. ಎರಡನೆಯದು ಮಾರುಕಟ್ಟೆಯದು. ಒಟ್ಟು ಹೊಗೆಗೆ ಸರ್ಕಾರ ಒಂದು ಮಿತಿ ಹಾಕುತ್ತದೆ, ಅಷ್ಟಕ್ಕೆ ಮಾತ್ರ ಪರವಾನಗಿ ಹಂಚುತ್ತದೆ. ಕಡಿಮೆ ಹೊಗೆ ಬಿಟ್ಟವರು ಉಳಿದದ್ದನ್ನು ಹೆಚ್ಚು ಬಿಟ್ಟವರಿಗೆ ಮಾರಿಕೊಳ್ಳಬಹುದು. ಮೂರನೆಯದು ನೇರ ಕಾನೂನು: ಇಂಥ ಬಾಯ್ಲರ್ ಇಡಬೇಡಿ, ಇಂಥದ್ದನ್ನೇ ಇಡಿ. ನಾನು ಕಂಪ್ಯೂಟರಿನಲ್ಲಿ ಕಟ್ಟಿದ ಮಾದರಿಗೆ ಈ ಮೂರನ್ನೂ ಉಣಿಸಿದಾಗ ಮೂರರಿಂದಲೂ ಹೆಚ್ಚುಕಡಿಮೆ ಒಂದೇ ಫಲ ಬಂತು.

ವಿಡಿಯೊ ಕರೆಯಲ್ಲಿ ಸಮಿತಿಯ ಅಧ್ಯಕ್ಷರು ಅದನ್ನು ನೋಡಿದರು. ನಿವೃತ್ತ ಅಧಿಕಾರಿ, ಹೆಚ್ಚು ಮಾತಿಲ್ಲ.

"ನಿಮ್ಮ ಕಂಪ್ಯೂಟರ್ ಮೂರೂ ಸರಿ ಅನ್ನುತ್ತಿದೆ. ಮನುಷ್ಯರು ಏನನ್ನುತ್ತಾರೆ?" ಎಂದು ಹಿಂದಿಯಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ವಿಷಯಕ್ಕೆ ಹೋದರು.

ಕರೆ ಮುಗಿದ ಮೇಲೆ ನಮ್ಮ ನಿರ್ದೇಶಕರು ಕುರ್ಚಿ ತಿರುಗಿಸಿಕೊಂಡು ನನ್ನ ಕಡೆ ನೋಡಿದರು. ಅವರು ಧಾರವಾಡದ ಕಡೆಯವರು. ಮುಂಬೈಗೆ ಬಂದು ಅರ್ಧ ಆಯುಷ್ಯ ಕಳೆದರೂ ಮಾತು ಅಲ್ಲಿಯದೇ.

"ಏನ್ರೀ ಮೈಸೂರಿನವ್ರ, ಈಗ ಮನಷ್ಯಾರನ್ನ ಎಲ್ಲಿಂದ ತರೋದು?"

"ಘಾಟ್ಕೋಪರ್‌ನಿಂದ ತರೋಣ ಸಾರ್," ಎಂದೆ. ನಾನಿರುವುದು ಅಲ್ಲೇ, ತಮಾಷೆಗೆ ಅಂದದ್ದು. ಅವರು ನಗಲಿಲ್ಲ. "ಅಡ್ಡಿಯಿಲ್ಲ, ತರ್ರಿ ಹಂಗಾರ," ಅಂದುಬಿಟ್ಟರು.

ಹೀಗೆ ಒಂದು ಆಟ ಹುಟ್ಟಿತು. ಯೋಜನೆ ಸರಳ. ನಿಜವಾದ ಸಣ್ಣ ಉದ್ಯಮಿಗಳನ್ನು ಒಂದು ಸಭಾಂಗಣದಲ್ಲಿ ಕೂರಿಸುವುದು. ಪ್ರತಿಯೊಬ್ಬರೂ ತಮ್ಮದೇ ಉದ್ಯಮವನ್ನು ಆಡುವುದು. ಒಂದು ಸುತ್ತು ಅಂದರೆ ಒಂದು ವರ್ಷ. ಪ್ರತಿ ಸುತ್ತಿನಲ್ಲೂ ಯಾವ ಇಂಧನ, ಯಾವ ಯಂತ್ರ, ಎಷ್ಟು ಉತ್ಪಾದನೆ ಎಂದು ಅವರು ತೀರ್ಮಾನಿಸಿ ನಮ್ಮ ಮೇಜಿಗೆ ಹೇಳಬೇಕು; ನಾವು ಹೊಗೆ ಲೆಕ್ಕ ಹಾಕಿ ಹೇಳುತ್ತೇವೆ. ಬೆಳಿಗ್ಗೆ ಮಾರುಕಟ್ಟೆ ಪದ್ಧತಿ, ಮಧ್ಯಾಹ್ನ ತೆರಿಗೆ ಪದ್ಧತಿ. ನೇರ ಕಾನೂನಿನಲ್ಲಿ ಅವರು ಆರಿಸುವುದಕ್ಕೇ ಏನೂ ಇಲ್ಲವಾದ್ದರಿಂದ ಅದನ್ನು ಬಿಟ್ಟೆವು. ಯಾವುದರಲ್ಲಿ ಜನ ನಿಜಕ್ಕೂ ಯಂತ್ರ ಬದಲಾಯಿಸುತ್ತಾರೆ ನೋಡೋಣ ಎಂದು.

ನನ್ನ ಜೊತೆಗಿದ್ದವಳು ಕಚೇರಿಯ ಕಿರಿಯ ಸಂಶೋಧಕಿ, ಮುಂಬೈಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ಗಣಿತದಲ್ಲಿ ಚುರುಕು, ಕನ್ನಡದಲ್ಲಿ ಮಾತ್ರ ಪ್ರತಿ ವಾಕ್ಯದ ಮಧ್ಯೆ ನಿಂತು ದಾರಿ ಹುಡುಕುತ್ತಿದ್ದಳು. ಇಬ್ಬರೂ ಜನರನ್ನು ಕರೆಯಲು ಹೊರಟೆವು.

ಘಾಟ್ಕೋಪರ್‌ನಲ್ಲಿ ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಮಾಲೀಕರು ಉಡುಪಿಯ ಕಡೆಯವರು. ವಿಷಯ ಕೇಳಿ ಗಲ್ಲಾದಿಂದ ತಲೆ ಎತ್ತಿದರು.

"ಆಟ ಅಂತೀರಿ, ಮತ್ತೆ ತೆರಿಗೆ ಅಂತೀರಿ. ಎರಡೂ ಒಟ್ಟಿಗೆ ಹೇಗೆ ಆಗ್ತದೆ ಮಾರಾಯ್ರೆ?"

"ಬಂದು ನೋಡಿ ಅಣ್ಣಾ. ಊಟ ತಿಂಡಿಯೂ ನಿಮ್ಮ ಕಡೆಯಿಂದಲೇ ತರಿಸ್ತೀವಿ."

"ಹಾಗಾದ್ರೆ ಬರ್ಲಿಕ್ಕೇ ಬೇಕಲ್ಲ," ಎಂದು ನಕ್ಕರು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸಿಕ್ಕವರು ಲಾಂಡ್ರಿಯ ಒಡತಿ, ಮರಾಠಿ ಹೆಂಗಸು. ದೊಡ್ಡ ಹೋಟೆಲುಗಳ ಚಾದರ, ಟವೆಲುಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಘಟಕ ಅದು. ಒಳಗೆ ಕಾಲಿಟ್ಟರೆ ಉಗಿಗೆ ನನ್ನ ಕನ್ನಡಕ ಮಂಜಾಯಿತು. ಮೂಲೆಯಲ್ಲಿ ಡೀಸೆಲ್ ಬಾಯ್ಲರ್ ಒಂದೇ ಸಮನೆ ಗುಡುಗುತ್ತಿತ್ತು. ಅವರ ಹಿಂದಿ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಕಾರ್ಬನ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಈ ಬಾಯ್ಲರ್ ಬಗ್ಗೆ ಬೈಯಬೇಕಾದರೆ ಹೇಳಿ, ಇಡೀ ದಿನ ಬರ್ತೀನಿ."

"ಅದೇ ಬೇಕಾಗಿರೋದು," ಎಂದೆ.

ಮೊದಲ ಶನಿವಾರ ಘಾಟ್ಕೋಪರ್‌ನ ಕನ್ನಡ ಸಂಘದ ಸಭಾಂಗಣ ತುಂಬಿತು. ಬೇಕರಿಯವರು, ಐಸ್ ಕಾರ್ಖಾನೆಯವರು, ಎರಕದ ಕೆಲಸದವರು, ಹೋಟೆಲಿನವರು. ಎಲ್ಲರ ಕೊರಳಿಗೂ ಅವರವರ ಉದ್ಯಮದ ಹೆಸರಿನ ಫಲಕ ಹಾಕಿದೆವು. ಪರವಾನಗಿಯ ಬದಲು ಹಸಿರು ಚೀಟಿಗಳು, ಹಣದ ಬದಲು ಕಾಗದದ ಆಟದ ನೋಟುಗಳು. ಕಳೆದ ವರ್ಷ ಎಷ್ಟು ಇಂಧನ ಸುಟ್ಟಿರಿ ಎಂದು ಒಬ್ಬೊಬ್ಬರನ್ನೂ ಕೇಳಿ, ಅದಕ್ಕಿಂತ ತುಸು ಕಡಿಮೆ ಚೀಟಿ ಕೊಟ್ಟೆವು. ವರ್ಷದ ಕೊನೆಗೆ ಬಿಟ್ಟ ಹೊಗೆಗೆ ತಕ್ಕಷ್ಟು ಚೀಟಿ ವಾಪಸು ಕೊಡಬೇಕು. ಸಾಲದಿದ್ದರೆ ಪಕ್ಕದವರಿಂದ ಕೊಳ್ಳಬೇಕು. ಬೇಕೆನ್ನುವವರು ಹೆಚ್ಚಾಗಿ ಚೀಟಿಯ ಬೆಲೆ ಏರುತ್ತದೆ, ಆಗ ಯಂತ್ರ ಬದಲಾಯಿಸುವುದೇ ಲಾಭ ಅನ್ನಿಸುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಗಂಟೆ ಬಾರಿಸಿದೆವು. ಯಾರೂ ಎದ್ದು ಬರಲಿಲ್ಲ. ಕೊಳ್ಳುವವರೇ ಇಲ್ಲ. ಎಲ್ಲರ ಕೈಯಲ್ಲೂ ಚೀಟಿ ಬೇಕಾದಷ್ಟಿತ್ತು. ಎರಡನೇ ಸುತ್ತಿಗೆ ಬೆಲೆ ನೆಲ ಕಚ್ಚಿತು. ಹೋಟೆಲಿನ ಮಾಲೀಕರು ತಿಂಡಿಯ ಮೇಜಿನ ಪಕ್ಕ ನಿಂತು, "ಒಂದು ವಡೆ ತೆಕೊಂಡವರಿಗೆ ಒಂದು ಚೀಟಿ ಫ್ರೀ! ಎರಡು ತೆಕೊಂಡ್ರೆ ಉಳಿದದ್ದೆಲ್ಲ ಫ್ರೀ!" ಎಂದು ಕೂಗಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಆದರೆ ಒಬ್ಬರೂ ಒಂದು ಯಂತ್ರವನ್ನೂ ಬದಲಾಯಿಸಿರಲಿಲ್ಲ.

ಮಧ್ಯಾಹ್ನದ ತೆರಿಗೆ ಸುತ್ತು ಬೇರೆ ಥರ ಕೆಟ್ಟಿತು. ಹೋಟೆಲಿನ ಮಾಲೀಕರು ತಕ್ಷಣ ದೋಸೆಯ ಬೆಲೆ ಏರಿಸಿ ಆರಾಮಾಗಿ ಕೂತರು. ಲಾಂಡ್ರಿಯ ಒಡತಿ ದರ ಏರಿಸಲು ಹೋದರೆ, ಅವರ ಗಿರಾಕಿಗಳ ಪಾತ್ರ ಆಡುತ್ತಿದ್ದ ನಮ್ಮ ಹುಡುಗಿ ನಿಯಮದ ಪ್ರಕಾರ ತಲೆ ಆಡಿಸಿದಳು: ವರ್ಷದ ಒಪ್ಪಂದ, ದರ ಬದಲಾಗದು. ಹೊಸ ಬಾಯ್ಲರ್‌ಗೆ ಕೈಯಲ್ಲಿ ಏನೂ ಉಳಿದಿಲ್ಲ. ಮೂರನೇ ಸುತ್ತಿನಲ್ಲಿ ಅವರ ಲಾಂಡ್ರಿ ಮುಚ್ಚಿತು. ಅವರು ಫಲಕ ತೆಗೆದು ಮೇಜಿನ ಮೇಲಿಟ್ಟು ಹಿಂದಿನ ಸಾಲಿನಲ್ಲಿ ಹೋಗಿ ಕೂತರು.

ನಾನು ಹತ್ತಿರ ಹೋಗಿ, "ಆಟ ಅಷ್ಟೇ, ಬೇಜಾರು ಮಾಡ್ಕೋಬೇಡಿ," ಎಂದೆ.

"ಗೊತ್ತು. ಆದರೆ ನೀವು ಮುಚ್ಚಿತು ಅಂದಾಗ ನನ್ನಲ್ಲಿ ಚಾದರ ಮಡಿಸುವ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು," ಎಂದರು. ಕಾಫಿಗೂ ನಿಲ್ಲದೆ ಹೊರಟುಹೋದರು.

ಸೋಮವಾರ ನಿರ್ದೇಶಕರ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಅಧ್ಯಕ್ಷರು ಮುಂದಿನ ಶನಿವಾರ ಖುದ್ದು ಬಂದು ಆಟ ನೋಡುವುದಾಗಿ ತಿಳಿಸಿದ್ದರು.

"ಬರಬ್ಯಾಡ್ರಿ ಅಂತ ಹೇಳಿಬಿಡ್ಲೇನು?" ಎಂದರು ನಿರ್ದೇಶಕರು. "ಆಟ ಬಿಟ್ಟು ನೇರ ಕಾನೂನಿನ ಪರವಾಗಿ ಅಧ್ಯಾಯ ಬರೆದುಬಿಡೂಣು. ಯಾರೂ ಏನೂ ಅನ್ನೂದಿಲ್ಲ."

ನನಗೂ ಅದೇ ಸುಲಭ ಅನ್ನಿಸಿತ್ತು. ಆದರೆ ನಮ್ಮ ಹುಡುಗಿ ಭಾನುವಾರವೆಲ್ಲ ಕೂತು ಸುತ್ತುಗಳನ್ನು ಮತ್ತೆ ಲೆಕ್ಕ ಹಾಕಿಬಿಟ್ಟಿದ್ದಳು.

"ಮೇಡಮ್, ಎಲ್ಲರೂ... ಮತ್ಲಬ್... ಜಾಸ್ತಿ ಹೇಳಿದಾರೆ. ಅವರ ಮಶೀನ್ ಅಷ್ಟು ಡೀಸೆಲ್ ಕುಡಿಯೋಕೇ ಆಗಲ್ಲ."

ನೋಡಿದರೆ ಹೌದು. ಎಷ್ಟು ಸುಟ್ಟಿರಿ ಎಂದು ಕೇಳಿ ಅದರ ಪ್ರಕಾರ ಚೀಟಿ ಕೊಡುತ್ತೇವೆ ಅಂದರೆ ಯಾರು ತಾನೇ ಕಡಿಮೆ ಹೇಳುತ್ತಾರೆ? ಮಾರುಕಟ್ಟೆ ಕುಸಿದದ್ದು ಮಾರುಕಟ್ಟೆಯ ದೋಷದಿಂದಲ್ಲ, ಬಾಗಿಲಲ್ಲೇ ಚೀಟಿ ಸುರಿದ ನನ್ನ ನಿಯಮದಿಂದ. ಲಾಂಡ್ರಿ ಮುಚ್ಚಿದ್ದೂ ಅಷ್ಟೇ. ತೆರಿಗೆ ವಸೂಲಾಯಿತು, ಆದರೆ ಅದು ಯಂತ್ರ ಬದಲಾಯಿಸಬೇಕಾದವರ ಕೈಗೆ ಮರಳುವ ದಾರಿಯನ್ನು ನಾನು ಆಟದಲ್ಲಿ ಇಟ್ಟೇ ಇರಲಿಲ್ಲ.

ಆ ವಾರ ನಾವಿಬ್ಬರೂ ನಿಯಮಗಳನ್ನು ಬಿಚ್ಚಿ ಮತ್ತೆ ಹೊಲಿದೆವು. ಚೀಟಿ ಸಿಗುವುದು ಸುಟ್ಟ ಇಂಧನಕ್ಕಲ್ಲ, ಮಾಡಿದ ಕೆಲಸಕ್ಕೆ. ಒಗೆದ ಬಟ್ಟೆಯ ತೂಕಕ್ಕೆ ಇಷ್ಟು, ಬೇಯಿಸಿದ ಬ್ರೆಡ್ಡಿಗೆ ಇಷ್ಟು. ಆ ಕಸುಬಿನಲ್ಲಿ ಸಾಧಾರಣವಾಗಿ ಎಷ್ಟು ಬೇಕೋ ಅಷ್ಟು. ಚೀಟಿಯ ಬೆಲೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಸ್ವಲ್ಪ ಚೀಟಿಗಳನ್ನು ಸರ್ಕಾರವೇ ಹರಾಜು ಹಾಕಿ, ಬಂದದ್ದನ್ನು ಯಂತ್ರ ಬದಲಾಯಿಸುವವರಿಗೆ ಮೊದಲೇ ಸಾಲವಾಗಿ ಕೊಡಬೇಕು. ಮೂರು ಗೆರೆಗಳಲ್ಲಿ ಒಂದನ್ನು ಆರಿಸುವುದರ ಬದಲು ಮೂರರಿಂದಲೂ ಒಂದೊಂದು ಎಳೆ ತೆಗೆದ ಹಾಗಾಯಿತು: ಚೀಟಿಯ ವ್ಯಾಪಾರ ಮಾರುಕಟ್ಟೆಯದು, ಇಳಿಯದ ಬೆಲೆ ತೆರಿಗೆಯದು, ಕಸುಬಿನ ಅಳತೆ ಕಾನೂನಿನದು.

ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಮೊದಲ ನಿಯಮಗಳೂ ಕಾಗದದ ಮೇಲೆ ಚೆನ್ನಾಗಿಯೇ ಇದ್ದವು. ಅಧ್ಯಕ್ಷರ ಮುಂದೆ ಮುಗ್ಗರಿಸದ ಹಾಗೆ ಒಂದು ತಾಲೀಮು ನಡೆಸೋಣ, ಯಾರು ಏನು ಮಾಡಬೇಕೆಂದು ಮೊದಲೇ ಹೇಳಿಬಿಡೋಣ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಘಾಟ್ಕೋಪರ್‌ನಲ್ಲಿ ಲೋಕಲ್ ಹತ್ತಿ ಬಾಗಿಲ ಬಳಿ ನಿಂತಿದ್ದಾಗ ಆ ಯೋಚನೆಯೇ ತಪ್ಪು ಅನ್ನಿಸಿತು. ನನ್ನ ನಿಯಮಗಳಲ್ಲಿ ತೂತು ಹುಡುಕುವುದರಲ್ಲಿ ಅವರೆಲ್ಲ ನನಗಿಂತ ಎಷ್ಟೋ ಚುರುಕು. ಹಾಗಿದ್ದರೆ ಆ ಚುರುಕುತನವನ್ನು ನಿಯಮ ಮಾಡುವುದಕ್ಕೇ ಯಾಕೆ ಬಳಸಬಾರದು? ವಿಕ್ರೋಳಿ ಮುಂದಿನ ಸ್ಟೇಷನ್ನೇ. ಇಳಿದವಳು ನೇರ ನಿರ್ದೇಶಕರ ಕೋಣೆಗೆ ಹೋದೆ.

"ಸಾರ್, ತಾಲೀಮು ಬೇಡ. ನಮ್ಮ ಮೂರು ನಿಯಮ ಕರಡು ಅಷ್ಟೇ. ಮೊದಲ ಗಂಟೆ ಅವರೇ ಕೂತು ತಿದ್ದಲಿ. ಅಧ್ಯಕ್ಷರ ಎದುರಿಗೇ. ಆಮೇಲೆ ಅದರ ಪ್ರಕಾರ ಆಡಲಿ."

"ಅಧ್ಯಕ್ಷರ ಎದುರಿಗೆ ಜಗಳಾಡಿದ್ರ?"

"ಆಡಲಿ ಸಾರ್. ಮನುಷ್ಯರು ಏನಂತಾರೆ ಅಂತ ಅವರೇ ಕೇಳಿದ್ದು."

"ಮಾಡ್ರಿ. ಬಿದ್ರ ಇಬ್ರೂ ಕೂಡೇ ಬೀಳೂಣು," ಎಂದರು.

ಲಾಂಡ್ರಿಯ ಒಡತಿ ಫೋನಿನಲ್ಲಿ ಬರುವುದಿಲ್ಲ ಎಂದರು. ಇನ್ನೊಮ್ಮೆ ಮುಚ್ಚಿಸಿಕೊಳ್ಳಲು ತನಗೆ ಬಿಡುವಿಲ್ಲವಂತೆ. ನಾನು ಕಾಂದಿವಲಿಗೇ ಹೋದೆ.

"ಈ ಸಲ ನಿಯಮ ಮಾಡುವವರು ನೀವು," ಎಂದೆ.

ಬಾಯ್ಲರಿನ ಗುಡುಗಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಹತ್ತಿರ ಬಂದರು. ಮತ್ತೆ ಹೇಳಿದೆ.

"ನಿಜವಾಗಿಯೂ? ಹಾಗಾದರೆ ಒಬ್ಬಳೇ ಬರಲ್ಲ," ಎಂದು ಪಕ್ಕದ ಗೋಡೆ ತೋರಿಸಿದರು. ಗೋಡೆಯ ಆಚೆ ಟೊಮೆಟೊ ಸಾಸ್ ಮಾಡುವವರು. ಅವರಿಗಿಂತ ಆಚೆ ರಟ್ಟಿನ ಪೆಟ್ಟಿಗೆ ಮಾಡುವವರು. ಇಬ್ಬರೂ ಉಗಿ ಬಳಸುವವರೇ. ಮೂವರಿಗೂ ಮೂರು ಬಾಯ್ಲರ್. ಹೊರಡುವಾಗ ಅವರು ನನ್ನ ಕೈಗೆ ಒಂದು ಭಾರದ ಚೀಲ ಕೊಟ್ಟರು. ತೆರೆದರೆ ಬಣ್ಣಬಣ್ಣದ ಗುಂಡಿಗಳು, ಒಗೆಯುವಾಗ ಬಟ್ಟೆಯಿಂದ ಕಿತ್ತು ಬಿದ್ದವು.

"ಹೋದ ಸಲ ಕೊಟ್ಟ ಆಟದ ನೋಟು ಹರಿದುಹೋಗುತ್ತಿತ್ತು. ಇದನ್ನು ಬಳಸಿ."

ಎರಡನೇ ಶನಿವಾರ ಅಧ್ಯಕ್ಷರು ಕೋಟು ತೊಟ್ಟು ಬಂದರು. ಸಭಾಂಗಣದ ಹಿಂದೆ ಕೂತು ನೋಡುವುದು ಅವರ ಉದ್ದೇಶವಾಗಿತ್ತು. ಹೋಟೆಲಿನ ಮಾಲೀಕರು ಬಿಡಲಿಲ್ಲ. "ಬೇಕರಿಯವರು ಇವತ್ತು ಬರ್ಲಿಲ್ಲ. ಸಾಹೇಬ್ರು ಬೇಕರಿ ಆಗ್ಲಿ," ಎಂದು ಅವರ ಕೊರಳಿಗೆ ಫಲಕ ಹಾಕಿಯೇಬಿಟ್ಟರು. ನಮ್ಮ ನಿರ್ದೇಶಕರು ಕಣ್ಣು ಮುಚ್ಚಿಕೊಂಡದ್ದನ್ನು ನಾನು ನೋಡಿದೆ. ಅಧ್ಯಕ್ಷರು ಫಲಕ ಓದಿಕೊಂಡು, "ನನ್ನ ಒಲೆ ಯಾವುದು, ಕಟ್ಟಿಗೆಯದೋ ಗ್ಯಾಸಿನದೋ?" ಎಂದು ಕೇಳಿದರು. ಅಲ್ಲಿಗೆ ನಾನು ಉಸಿರು ಬಿಟ್ಟೆ.

ಮೊದಲ ಗಂಟೆ ನಿಜಕ್ಕೂ ಜಗಳವೇ. ಕಸುಬಿನ ಸರಾಸರಿ ಯಾವುದು ಎಂದು ಐಸ್ ಕಾರ್ಖಾನೆಯವರು ಮೇಜು ಕುಟ್ಟಿದರು. ಸಾಲ ಮೊದಲು ಸಿಗಬೇಕು, ಹಳೆಯ ಯಂತ್ರ ಕಳಚಿದ ಮೇಲಲ್ಲ ಎಂದು ಲಾಂಡ್ರಿಯ ಒಡತಿ ಪಟ್ಟು ಹಿಡಿದು ಅದನ್ನೇ ಬರೆಸಿದರು. ಚೀಟಿ ಸಾಲದೆ ಹೋದವರಿಗೆ ದಂಡ ಏನು ಎಂಬ ಪ್ರಶ್ನೆ ಬಂತು. ನನ್ನ ಕರಡಿನಲ್ಲಿ ಬರೀ ಹಣದ ದಂಡ ಇತ್ತು. ಹೋಟೆಲಿನ ಮಾಲೀಕರು ಎದ್ದು, "ದಂಡ ಇರ್ಲಿ. ಅದರ ಜೊತೆಗೆ ಕುರ್ಚಿಯ ಪಕ್ಕ ನಿಂತು 'ಈ ವರ್ಷ ನನ್ನ ಹೊಗೆ ಜಾಸ್ತಿ ಆಯ್ತು' ಅಂತ ಗಟ್ಟಿಯಾಗಿ ಹೇಳ್ಬೇಕು," ಎಂದರು. ಚಪ್ಪಾಳೆಯಲ್ಲೇ ಅದು ಅಂಗೀಕಾರವಾಯಿತು.

ಗಂಟೆ ಬಾರಿಸಿದೆವು. ಈ ಸಲ ಕುರ್ಚಿಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಚೀಟಿ ನಿಜಕ್ಕೂ ಕಡಿಮೆ ಇತ್ತು. ತರಕಾರಿ ಮಾರ್ಕೆಟ್ಟಿನ ಗದ್ದಲ. ಮರಾಠಿ, ಗುಜರಾತಿ, ತುಳು, ಹಿಂದಿ ಎಲ್ಲದರಲ್ಲೂ ಹೊಗೆಯ ಬೆಲೆ ಕೂಗುತ್ತಿದ್ದರು. ಎರಕದವರು ಎರಡನೇ ಸುತ್ತಿನಲ್ಲೇ ಹಳೆಯ ಕುಲುಮೆಗೆ ವಿದಾಯ ಹೇಳಿ ವಿದ್ಯುತ್ತಿನದಕ್ಕೆ ಸಾಲ ತೆಗೆದುಕೊಂಡರು. ಅಧ್ಯಕ್ಷರು ಕಟ್ಟಿಗೆಯ ಒಲೆಯನ್ನೇ ನಂಬಿ ಕೂತಿದ್ದರು. ಸುತ್ತು ಮುಗಿಯುವ ಹೊತ್ತಿಗೆ ಚೀಟಿ ಸಾಲಲಿಲ್ಲ. ಕೋಟು ಕಳಚಿ ಕುರ್ಚಿಗೆ ಹಾಕಿ, ಹಿಡಿ ತುಂಬ ಗುಂಡಿ ಹಿಡಿದು ಮೇಜಿನಿಂದ ಮೇಜಿಗೆ ಓಡಾಡಿದರು. ಯಾರೂ ಕೊಡಲಿಲ್ಲ. ಗಂಟೆ ಬಡಿಯಿತು.

ಆ ನಿಯಮ ತಂದ ಹೋಟೆಲಿನ ಮಾಲೀಕರಿಗೂ ಈಗ ಸ್ವಲ್ಪ ಅಳುಕು. ಅಧ್ಯಕ್ಷರು ಕುರ್ಚಿಯ ಪಕ್ಕ ನೆಟ್ಟಗೆ ನಿಂತು ತುಂಬಿದ ದನಿಯಲ್ಲಿ, "ಈ ವರ್ಷ ನನ್ನ ಹೊಗೆ ಜಾಸ್ತಿಯಾಯಿತು!" ಎಂದರು. ಆಮೇಲೆ ಎದ್ದ ನಗುವಿಗೆ ಹೊರಗೆ ಚಪ್ಪಲಿ ಕಾಯುತ್ತಿದ್ದವರೂ ಬಾಗಿಲಲ್ಲಿ ಇಣುಕಿದರು.

ಆ ನಗುವಿನ ಮಧ್ಯೆ ನಾನು ಕಾಂದಿವಲಿಯ ಮೂವರನ್ನು ಗಮನಿಸಿರಲಿಲ್ಲ. ಅವರು ತಲೆ ತಲೆ ಸೇರಿಸಿ ಏನೋ ಗುಸುಗುಸು ಮಾಡಿ, ಮುಂದಿನ ಸುತ್ತಿಗೆ ನಮ್ಮ ಮೇಜಿಗೆ ಒಟ್ಟಿಗೆ ಬಂದರು.

"ನಾವು ಮೂವರೂ ಸೇರಿ ಒಂದೇ ಬಾಯ್ಲರ್ ಹಾಕ್ತೀವಿ," ಎಂದರು ಲಾಂಡ್ರಿಯ ಒಡತಿ. "ಗೋಡೆ ಮೇಲಿಂದ ಪೈಪು. ನಮಗೆ ಬೆಳಿಗ್ಗೆ ಉಗಿ ಬೇಕು, ಸಾಸಿನವರಿಗೆ ಮಧ್ಯಾಹ್ನ, ಪೆಟ್ಟಿಗೆಯವರಿಗೆ ಸಂಜೆ. ಈಗ ಮೂರು ಬಾಯ್ಲರ್ ದಿನವಿಡೀ ಸುಮ್ಮನೆ ಕಾದು ಕೂತಿರುತ್ತವೆ."

ನಮ್ಮ ಹುಡುಗಿ ನನ್ನ ಮುಖ ನೋಡಿದಳು. "ಮೇಡಮ್, ಇದು ರೂಲ್‌ನಲ್ಲಿ ಇಲ್ಲ."

ರೂಲ್‌ನಲ್ಲಷ್ಟೇ ಅಲ್ಲ, ನನ್ನ ಕಂಪ್ಯೂಟರ್ ಮಾದರಿಯಲ್ಲೂ ಇರಲಿಲ್ಲ. ಅಲ್ಲಿ ಪ್ರತಿ ಉದ್ಯಮವೂ ಒಂಟಿ. ಪಕ್ಕದ ಮನೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಸಭಾಂಗಣ ನಮ್ಮ ಮೇಜಿನ ಸುತ್ತ ಸೇರಿತು. ಅಧ್ಯಕ್ಷರೂ ಗುಂಡಿ ಹಿಡಿದು ಇಣುಕುತ್ತಿದ್ದರು.

"ಬೇಡ ಅಂತಲೂ ರೂಲ್‌ನಲ್ಲಿ ಇಲ್ಲ," ಎಂದೆ. "ಲೆಕ್ಕ ಹಾಕು."

ಅವಳು ಮೂರೂ ಘಟಕಗಳ ಉಗಿಯನ್ನು ಕೂಡಿಸಿ, ಸುಮ್ಮನೆ ಉರಿಯುವ ಹೊತ್ತನ್ನು ಕಳೆದು, ಡೀಸೆಲ್ಲಿನ ಜಾಗದಲ್ಲಿ ಪೈಪ್ ಗ್ಯಾಸ್ ಹಾಕಿ ಕೈಯಲ್ಲೇ ಲೆಕ್ಕ ಮಾಡಿದಳು. ಒಮ್ಮೆ ಮಾಡಿ ನಂಬಿಕೆಯಾಗದೆ ಮತ್ತೊಮ್ಮೆ ಮಾಡಿದಳು. ಹೊಗೆ ಎಷ್ಟು ಇಳಿಯಿತೆಂದರೆ ಮೂವರಿಗೂ ಚೀಟಿ ಮಿಕ್ಕಿತು. ಹೋದ ವಾರ ಅಂಗಡಿ ಮುಚ್ಚಿಸಿಕೊಂಡವರು ಈಗ ಇಡೀ ಸಭಾಂಗಣಕ್ಕೆ ಮಾರುವವರಾದರು. ಅವರ ಮೊದಲ ಗಿರಾಕಿ ಅಧ್ಯಕ್ಷರು.

"ಸಾಹೇಬ್, ಪೂರ್ತಿ ಬೆಲೆ ಆಗುತ್ತೆ," ಎಂದರು ಲಾಂಡ್ರಿಯ ಒಡತಿ, ಸ್ವಲ್ಪವೂ ಕರುಣೆಯಿಲ್ಲದೆ.

ಊಟದ ಹೊತ್ತಿಗೆ ಅಧ್ಯಕ್ಷರು ತಟ್ಟೆ ಹಿಡಿದು ನನ್ನ ಪಕ್ಕ ಬಂದು ನಿಂತರು. "ಚೆನ್ನಾಗಿತ್ತು. ಆದರೆ ನೆರೆಹೊರೆ ಎಂಬುದನ್ನು ಕಾನೂನಿನಲ್ಲಿ ಹೇಗೆ ಬರೆಯುವುದು?" ಎಂದರು. ತಮಾಷೆಗಲ್ಲ, ನಿಜಕ್ಕೂ ಕೇಳಿದ್ದು. ಆ ಪ್ರಶ್ನೆಯ ಮೇಲೆ ನಾವು ಮುಂದಿನ ವಾರಗಳನ್ನೆಲ್ಲ ಕಳೆದೆವು. ಒಂದೇ ಆವರಣದ ಘಟಕಗಳು ಬಯಸಿದರೆ ಎಲ್ಲವೂ ಸೇರಿ ಒಂದೇ ಪರವಾನಗಿದಾರರೆಂದು ನೋಂದಾಯಿಸಿಕೊಳ್ಳಬಹುದು ಎಂಬ ಒಂದು ವಾಕ್ಯ ಬರೆಯಲು ಎಷ್ಟು ಕರಡು ಹರಿದೆವೋ. ಯಾರಾದರೂ ಮಧ್ಯದಲ್ಲಿ ಬಿಟ್ಟು ಹೋದರೆ? ಬಾಯ್ಲರ್ ತಪಾಸಣೆಯ ಹೊಣೆ ಯಾರದು? ಒಂದೊಂದಕ್ಕೂ ಕಾಂದಿವಲಿಗೆ ಫೋನ್ ಮಾಡಿ ಕೇಳಿದೆ.

ಸಮಿತಿ ನಮ್ಮ ಅಧ್ಯಾಯವನ್ನು ಬಹುಪಾಲು ಒಪ್ಪಿತು. ಕೆಲಸಕ್ಕೆ ತಕ್ಕ ಚೀಟಿ, ಮೊದಲೇ ಸಾಲ, ಒಟ್ಟು ನೋಂದಣಿ ಉಳಿದವು. ಕನಿಷ್ಠ ಬೆಲೆಯನ್ನು ಮಾತ್ರ ಮುಂದಿನ ಪರಿಶೀಲನೆಗೆ ಎಂದು ಪಕ್ಕಕ್ಕಿಟ್ಟರು. ನನಗೆ ಬೇಸರವಾಯಿತು. ನಿರ್ದೇಶಕರು, "ಮೂರು ಉಳದಾವಲ್ಲ, ಪೇಢೆ ತರಸ್ರಿ," ಎಂದರು. ತರಿಸಿದೆವು.

ವರದಿ ಕಾನೂನಾಗಲು ಇನ್ನೂ ಎಷ್ಟೋ ಮೇಜು ದಾಟಬೇಕಿದೆ. ಹೀಗಿರುವಾಗ ಒಂದು ದಿನ ಲಾಂಡ್ರಿಯ ಒಡತಿ ಫೋನ್ ಮಾಡಿ, "ಗುರುವಾರ ಪೂಜೆ ಇದೆ. ಆ ಹುಡುಗಿಯನ್ನೂ ಕರೆದುಕೊಂಡು ಬನ್ನಿ," ಎಂದರು. ಯಾವುದರ ಪೂಜೆ ಎಂದು ಕೇಳಿದರೆ ನಕ್ಕು ಫೋನ್ ಇಟ್ಟರು.

ಹೋಗಿ ನೋಡಿದರೆ ಅವರ ಅಂಗಳದಲ್ಲಿ ಕುಂಕುಮ ಹಚ್ಚಿ ಹೂ ಮುಡಿಸಿದ ಹೊಸ ಬಾಯ್ಲರ್. ಅದರಿಂದ ಹೊರಟ ಬೆಳ್ಳನೆಯ ಪೈಪು ಗೋಡೆ ಹತ್ತಿ ಸಾಸಿನವರ ಕಡೆ ಇಳಿದು, ಅಲ್ಲಿಂದ ಪೆಟ್ಟಿಗೆಯವರ ಕಡೆ ಹೋಗಿತ್ತು. ಖರ್ಚನ್ನು ಮೂವರೂ ಹಂಚಿಕೊಂಡಿದ್ದರು, ಯಾವ ಕಾನೂನಿಗೂ ಕಾದಿರಲಿಲ್ಲ.

"ಕಾನೂನು ಬಂದ ಮೇಲೆ ಚೀಟಿ ಮಾರ್ತೀನಿ. ಡೀಸೆಲ್ ಉಳಿಸೋಕೆ ಅದನ್ನ ಯಾಕೆ ಕಾಯ್ಬೇಕು?" ಎಂದರು ಅವರು, ನಾನು ಕೇಳುವ ಮೊದಲೇ.

ಚಾದರ ಮಡಿಸುವ ಹೆಂಗಸರೆಲ್ಲ ಕೆಲಸ ಬಿಟ್ಟು ಅಂಗಳಕ್ಕೆ ಬಂದರು. ತೆಂಗಿನಕಾಯಿ ಒಡೆದರು. ಬಾಯ್ಲರ್ ನೋಡಿಕೊಳ್ಳುವವರು ಒತ್ತಡದ ಮುಳ್ಳು ನೋಡುತ್ತ ನಿಧಾನಕ್ಕೆ ಕವಾಟ ತಿರುಗಿಸಿದರು. ಪೈಪು ಒಮ್ಮೆ ಟಕ್ ಟಕ್ ಎಂದಿತು. ಲಾಂಡ್ರಿಯ ಇಸ್ತ್ರಿ ಯಂತ್ರದಿಂದ ಉಗಿ ಭುಸ್ಸೆಂದು ಎದ್ದಿತು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಉಗಿ ಬಂತೆಂದು ಸಾಸಿನವರ ದನಿ: "ಆ ಗಯಾ!"

ಉಳಿದದ್ದು ಎಲ್ಲಕ್ಕಿಂತ ದೂರದ ಪೆಟ್ಟಿಗೆಯವರು. ಎಲ್ಲರೂ ಸುಮ್ಮನೆ ಗೋಡೆಯ ಕಡೆ ಕಿವಿ ಕೊಟ್ಟು ನಿಂತೆವು. ಲಾಂಡ್ರಿಯ ಒಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ಎರಡು ಗೋಡೆಗಳ ಆಚೆಯಿಂದ, ತೀರ ಸಣ್ಣಗೆ, ಯಾರೋ ಶಿಳ್ಳೆ ಹಾಕಿದರು. ಹಿಂದೆಯೇ ಹಲವರು ಒಟ್ಟಿಗೆ ಕೂಗಿದರು.

ನಮ್ಮ ಹುಡುಗಿ ನನ್ನ ತೋಳು ಹಿಡಿದು ಕುಣಿದಳು. "ಬಂತು ಮೇಡಮ್, ಅಲ್ಲಿವರೆಗೂ ಬಂತು!" ಎಂದಳು. ಈ ಸಲ ಅವಳ ಕನ್ನಡ ಎಲ್ಲೂ ತಡವರಿಸಲಿಲ್ಲ.